ಗದ್ದಲದಲ್ಲಿ ಒಂದು ಬಿಡುವು

೨೦೩೬ರ ಮೇ ೨೭, ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷ. ‘ಜಟ್ಟಿಗ ಪ್ರಸಾದ’ ಎಂಬ ಟ್ರಾಲ್ ಬೋಟಿನಿಂದ ಕೊನೆಯ ಮಾತು ಬಂದು ಹದಿನಾರೂವರೆ ಗಂಟೆ ಕಳೆದಿತ್ತು. ಬೋಟಿನಲ್ಲಿ ಏಳು ಜನರಿದ್ದರು.

ಹೊಸಕೋಡಿ ಬಂದರಿನ ಬಾನುಲಿ ಕೇಂದ್ರದಲ್ಲಿ ಎಂಜಿನಿಯರ್ ಸಿಂಚನಾ ಆ ಕೊನೆಯ ಮಾತಿನ ಧ್ವನಿಮುದ್ರಣವನ್ನು ಮೂರನೆಯ ಸಲ ಹಾಕಿದಳು. ಬೋಟು ನಡೆಸುವ ತಾಂಡೇಲ ತಿಮ್ಮಪ್ಪ ಪುತ್ರನ್‌ನ ದನಿ ಪಕ್ಕದ ಕೋಣೆಯಿಂದ ಬಂದಷ್ಟು ಸ್ಪಷ್ಟವಾಗಿತ್ತು.

“ಹೊಸಕೋಡಿ, ಜಟ್ಟಿಗ ಪ್ರಸಾದ. ನಾವ್ ಬಡಗ್ ಬದಿಗ್ ಹ್ವಾಪುದ್. ಎಲ್ಲ ಸಮ ಇತ್ತ್.”

“ಬಡಗು ಅಂದ್ರೆ ಉತ್ತರ ತಾನೇ?” ಎಂದು ಸಿಂಚನಾ ಕೇಳಿದಳು. ಅವಳು ತುಮಕೂರಿನವಳು. ಕರಾವಳಿಗೆ ಬಂದು ನಾಲ್ಕು ವರ್ಷವಾಗಿದ್ದರೂ ಇಂಥ ಹೊತ್ತಿನಲ್ಲಿ ಒಂದೊಂದು ಪದವನ್ನೂ ಖಚಿತಪಡಿಸಿಕೊಳ್ಳುತ್ತಿದ್ದಳು.

“ಹೌದ್ ಮೇಡಂ. ಉತ್ತರ,” ಎಂದ ಶೇಖರ. ಅವನು ತಿಮ್ಮಪ್ಪನ ಹೆಂಡತಿ ಗುಲಾಬಿಯ ತಮ್ಮ. ಅವನದೂ ಒಂದು ಬೋಟಿದೆ. ಭಾವ ಮತ್ತು ಅವನು ಜೋಡಿಯಾಗಿಯೇ ಕಸುಬು ಮಾಡುತ್ತಾರೆ. ಈ ಸಲ ಎಂಜಿನ್ ರಿಪೇರಿಗೆಂದು ಅವನ ಬೋಟು ದಡದಲ್ಲಿ ಉಳಿದಿತ್ತು. ಒಂಬತ್ತೂವರೆಗೇ ಬಂದು ನಿಂತಿದ್ದ. ಉತ್ತರ ಎನ್ನುವಾಗ ಅವನು ಸಿಂಚನಾಳನ್ನು ನೋಡಲಿಲ್ಲ, ಗೋಡೆಯ ನಕ್ಷೆಯನ್ನು ನೋಡಿದ. ಅವನ ಹಿಂದೆ ಬೋಟು ಮಾಲೀಕರ ಸಂಘದ ಅಧ್ಯಕ್ಷ ನಾಗಪ್ಪಣ್ಣ ಮತ್ತು ಐದಾರು ಜನ ನಿಂತಿದ್ದರು.

ಹತ್ತು ಇಪ್ಪತ್ತಕ್ಕೆ ರಕ್ಷಣಾ ಹಡಗು ಉತ್ತರದ ಕಡಲನ್ನು ಹುಡುಕಲು ವಾಯವ್ಯಕ್ಕೆ ಹೊರಟಿತು. ನೈರುತ್ಯದಲ್ಲಿ ವಾಯುಭಾರ ಕುಸಿದಿದೆ, ಸಂಜೆಯ ನಂತರ ಅಲೆ ನಾಲ್ಕು ಮೀಟರ್ ಮೀರಬಹುದು ಎಂದು ಹವಾಮಾನ ಸೂಚನೆ ಬಂದಿತ್ತು.

ಕೇಂದ್ರದ ಧ್ವನಿವರ್ಧಕದಲ್ಲಿ ಯಾವ ಸದ್ದೂ ಇರಲಿಲ್ಲ. ಯಾರಾದರೂ ಮಾತಾಡಿದರೆ ಮಾತು, ಇಲ್ಲವಾದರೆ ಪೂರ್ತಿ ಮೌನ. ಎರಡು ವರ್ಷದ ಹಿಂದೆ ಹೀಗಿರಲಿಲ್ಲ. ಬೋಟುಗಳು ಬಳಸುವುದು ಇಪ್ಪತ್ತೇಳು ಮೆಗಾಹರ್ಟ್ಸ್‌ನ ಸುತ್ತಲಿನ ಅಗ್ಗದ ವಯರ್‌ಲೆಸ್. ಲೈಸೆನ್ಸ್ ಬೇಡ, ಬಾಡಿಗೆ ಬೇಡ. ಆದರೆ ಲೋಕದ ಸಕಲ ಗದ್ದಲವೂ ಅದರೊಳಕ್ಕೆ ಬರುತ್ತದೆ. ಡೈನಮೋ ಕೀರಲು, ಎಲ್‌ಇಡಿ ದೀಪಗಳ ಗುಂಯ್‌ಗುಡುವಿಕೆ, ಮಿಂಚಿನ ಚಟಪಟ. ಸೂರ್ಯನ ಮೇಲೆ ಕಲೆಗಳು ಹೆಚ್ಚುವ ವರ್ಷಗಳಲ್ಲಿ ಈ ಅಲೆಗಳು ಆಕಾಶದ ಮೇಲ್ಪದರಕ್ಕೆ ಬಡಿದು ಸಾವಿರಾರು ಕಿಲೋಮೀಟರ್ ಆಚೆ ಇಳಿಯುತ್ತವೆ. ಹಾಗಾಗಿ ಇಂಡೋನೇಷ್ಯಾದ ಮೀನುಗಾರರು ಹೊಸಕೋಡಿಯ ಕಿವಿಯಲ್ಲಿ ಕೂಗಾಡುತ್ತಿದ್ದರು, ಹೊಸಕೋಡಿಯವರದೇ ಬೋಟು ಕರೆದರೆ ಕೇಳುತ್ತಿರಲಿಲ್ಲ.

ಇದಕ್ಕೆ ಪರಿಹಾರ ಸಿಂಚನಾ ಮಾಡಿದ ಶೋಧಕ. ನಾಲ್ಕು ತಿಂಗಳು ಬೋಟುಗಳಲ್ಲಿ ಓಡಾಡಿ, ಒಂದೊಂದು ಸದ್ದನ್ನೂ ಧ್ವನಿಮುದ್ರಿಸಿಕೊಂಡು, ಅದು ಯಾವುದರ ಸದ್ದು ಎಂದು ಬೋಟಿನವರನ್ನೇ ಕೇಳಿ, ಹೆಸರು ಬರೆದು, ಇದು ಬೇಡದ್ದು ಎಂದು ಯಂತ್ರಕ್ಕೆ ಕಲಿಸಿದ್ದಳು. ಪಟ್ಟಿಯಲ್ಲಿ ಐವತ್ತೆರಡು ಸದ್ದುಗಳಿದ್ದವು. ಯಂತ್ರ ಅವೆಲ್ಲವನ್ನೂ ಅಳಿಸಿ ಹತ್ತಿರದ ಮನುಷ್ಯರ ಮಾತನ್ನಷ್ಟೇ ಬಿಡುತ್ತಿತ್ತು. ಬಂದರಿನ ನಾನೂರ ಹನ್ನೆರಡು ಬೋಟುಗಳಲ್ಲೂ ಹಳೆಯ ಸೆಟ್ಟು ವಾಪಸು ಪಡೆದು ಹೊಸದು ಕೊಟ್ಟಿದ್ದರು. ಮಾತು ತಿಳಿಯಾಗಿ ಕೇಳಿಸುವುದರಿಂದ ಜನ ಅದಕ್ಕೆ ತಿಳಿಸೆಟ್ಟು ಎನ್ನುತ್ತಿದ್ದರು. ಶೋಧಕವನ್ನು ಆರಿಸುವ ಸ್ವಿಚ್ಚು ಅದಕ್ಕಿರಲಿಲ್ಲ. ಗದ್ದಲ ಬೇಕು ಎನ್ನುವವರು ಯಾರಿರುತ್ತಾರೆ ಎಂದು ಯಾರೂ ಅದನ್ನು ಕೇಳಿರಲಿಲ್ಲ.

*

ಅದೇ ದಿನ ಮಧ್ಯಾಹ್ನ ಹನ್ನೆರಡೂವರೆಗೆ ಜಟ್ಟಿಗ ಪ್ರಸಾದ ಹೊಸಕೋಡಿಯ ನೈರುತ್ಯಕ್ಕೆ ಮೂವತ್ತೆಂಟು ನಾಟಿಕಲ್ ಮೈಲಿಯಲ್ಲಿ ತೇಲುತ್ತಿತ್ತು.

ಹಿಂದಿನ ರಾತ್ರಿ ಎಂಟರ ಸುಮಾರಿಗೆ ಎದ್ದ ಒಂದು ಅಲೆ ಚುಕ್ಕಾಣಿಯ ಕೋಣೆಯಾದ ವೀಲ್‌ಹೌಸಿನ ಗಾಜು ಒಡೆದು, ಮಾಡಿನ ಮೇಲಿದ್ದ, ಅಪಾಯದಲ್ಲಿ ಸಂಕೇತ ಕಳಿಸುವ ಉಪಗ್ರಹ ಪೆಟ್ಟಿಗೆಯನ್ನು ಕಿತ್ತುಕೊಂಡು ಹೋಗಿತ್ತು. ನೀರಿನಲ್ಲಿದ್ದ ಬಲೆ ಪ್ರೊಪೆಲ್ಲರಿಗೆ ಸುತ್ತಿಕೊಂಡು ಎಂಜಿನ್ ನಿಂತಿತು. ತಳದಲ್ಲಿ ಎಲ್ಲೋ ಸೀಳಿ ನೀರು ಒಸರುತ್ತಿತ್ತು. ಇಬ್ಬರಿಬ್ಬರಂತೆ ಸರದಿಯ ಮೇಲೆ ಬಕೆಟ್ಟಿನಿಂದ ಎತ್ತಿ ಚೆಲ್ಲುತ್ತಿದ್ದರು. ವಯರ್‌ಲೆಸ್ ಸೆಟ್ಟು ಬದುಕಿತ್ತು. ಅದರ ಮೈಕು ಮಾತ್ರ ಉಪ್ಪುನೀರು ಕುಡಿದು ಸತ್ತಿತ್ತು; ಗುಂಡಿ ಕೆಲಸ ಮಾಡುತ್ತಿತ್ತು, ದನಿ ಹೋಗುತ್ತಿರಲಿಲ್ಲ.

ಕೇಳುವುದಕ್ಕೆ ಏನೂ ಅಡ್ಡಿಯಿರಲಿಲ್ಲ. ತಿಳಿಸೆಟ್ಟು ದಡದ ಪ್ರತಿಯೊಂದು ಮಾತನ್ನೂ ಶುದ್ಧವಾಗಿ ತಂದು ಸುರಿಯುತ್ತಿತ್ತು. ಹುಡುಕುವ ಹಡಗು ಹೊರಟದ್ದನ್ನು ಏಳೂ ಜನ ಕೇಳಿದರು. ಅದು ವಾಯವ್ಯಕ್ಕೆ ಹೊರಟಿದೆ ಎಂಬುದನ್ನೂ ಕೇಳಿದರು.

“ತಾಂಡೇಲ್ರೆ, ನೀವ್ ಬಡಗು ಅಂದದ್ದನ್ನ ಊರಿಡೀ ನಂಬಿತ್ತ್ ಕಾಣಿ,” ಎಂದ ಎಂಜಿನ್ ಡ್ರೈವರ್ ಸುಕೇಶ. “ಬರೋ ಸಲ ಎಲೆಕ್ಷನ್ನಿಗ್ ನಿಲ್ಲಿ ನೀವ್.”

ಬಕೆಟ್ಟು ಹಿಡಿದವರೂ ನಕ್ಕರು. ತಿಮ್ಮಪ್ಪ ನಗಲಿಲ್ಲ. ಮೀನು ಸಿಗುವ ಜಾಗವನ್ನು ಯಾವ ತಾಂಡೇಲನೂ ವಯರ್‌ಲೆಸ್ಸಿನಲ್ಲಿ ಹೇಳುವುದಿಲ್ಲ. ಹೇಳಿದರೆ ಮರುದಿನ ಅಲ್ಲಿ ಐವತ್ತು ಬೋಟು. ತೆಂಕಿಗೆ, ಅಂದರೆ ದಕ್ಷಿಣಕ್ಕೆ, ಹೋಗುವ ದಿನ ಬಡಗು ಎನ್ನುವುದು ಅವನಿಗೆ ಎಂಟು ವರ್ಷದ ಅಭ್ಯಾಸ. ನಿಜವಾದ ಜಾಗ ಭಾವಮೈದ ಶೇಖರನಿಗೆ ಮಾತ್ರ ತಿಳಿಯಬೇಕಿತ್ತು. ಅದಕ್ಕೆ ಅವರಿಬ್ಬರೂ ಒಂದು ದಾರಿ ಮಾಡಿಕೊಂಡಿದ್ದರು.

ಮೈಕಿನ ಗುಂಡಿ ಒತ್ತಿದರೆ, ಮಾತಾಡದಿದ್ದರೂ, ಒಂದು ಬರಿಯ ಅಲೆ ಹೊರಡುತ್ತದೆ. ಅದು ಬಂದು ಮುಟ್ಟಿದ ಸೆಟ್ಟು ತನ್ನ ಕಿವಿಯನ್ನು ತಾನೇ ಸ್ವಲ್ಪ ಮುಚ್ಚಿಕೊಳ್ಳುತ್ತದೆ. ಅಷ್ಟು ಹೊತ್ತು ಗುರ್ರೆನ್ನುವ ಗದ್ದಲ ಇಳಿಯುತ್ತದೆ. ಗುಂಡಿ ಬಿಟ್ಟರೆ ಗದ್ದಲ ಮರಳುತ್ತದೆ. ಹಳೆಯ ಸೆಟ್ಟಿನಲ್ಲಿ ಇದು ಎಲ್ಲರ ಕಿವಿಗೂ ಬೀಳುತ್ತಿತ್ತು, ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಎರಡು ಗಿಡ್ಡ ಬಿಡುವು, ಒಂದು ಉದ್ದದ ಬಿಡುವು: ಇದು ನಾನು. ಆಮೇಲೆ ಎಷ್ಟು ಬಿಡುವೋ, ತಾವಿಬ್ಬರೇ ಅಂಕಿ ಕೊಟ್ಟುಕೊಂಡ ಜಾಗಗಳಲ್ಲಿ ಅಷ್ಟನೆಯದು. ತಿಳಿಸೆಟ್ಟು ಬಂದ ದಿನ ಈ ಗುಟ್ಟು ಸತ್ತುಹೋಯಿತು. ಗದ್ದಲವನ್ನೇ ಅಳಿಸಿದ ಮೇಲೆ ಗದ್ದಲ ಇಳಿದದ್ದು ತಿಳಿಯುವುದು ಹೇಗೆ? ಅಂದಿನಿಂದ ತಿಮ್ಮಪ್ಪ ಹೊರಡುವ ಮೊದಲೇ ಜಾಗದ ಅಂಕಿಯನ್ನು ಶೇಖರನ ಕಿವಿಯಲ್ಲಿ ಹೇಳಿ ಹೋಗುತ್ತಿದ್ದ.

ಹಾಗಿದ್ದೂ ಬೆಳಗಿನಿಂದ ತಿಮ್ಮಪ್ಪ ಹತ್ತು ನಿಮಿಷಕ್ಕೊಮ್ಮೆ ಗುಂಡಿ ಒತ್ತುತ್ತಲೇ ಇದ್ದ. ಎರಡು ಗಿಡ್ಡ, ಒಂದು ಉದ್ದ, ಆಮೇಲೆ ಏಳು.

“ಒತ್ತಿ ಎಂತ ಮಾಡೂದ್? ಯಾರಿಗೂ ಕೇಂತಿಲ್ಲೆ ಅಂದ್ ನಿಮ್ಗೇ ಗೊತ್ತಿತ್ತಲೆ,” ಎಂದ ಸುಕೇಶ.

“ಗೊತ್ತಿತ್ತ್. ಒತ್ತದೆ ಕೂಕಂಡ್ರೆ ಮಾತ್ರ ಕೇಂತಾ?”

ಸುಕೇಶ ಹಿಂಬದಿಗೆ ಹೋಗಿ ಬಗ್ಗಿ ನೀರನ್ನು ನೋಡಿದ. ಹಡಗು ಉತ್ತರದಲ್ಲಿ ಹುಡುಕಿ ಹುಡುಕಿ ಸಾಕಾಗಿ ತೆಂಕಿಗೆ ತಿರುಗಬೇಕಾದರೆ ನಾಳೆಯಾಗುತ್ತದೆ. ನೀರು ಒಸರುವ ಅಂದಾಜಿಗೆ ಬೋಟಿಗೆ ನಾಳೆ ಇರಲಿಲ್ಲ. ಪ್ರೊಪೆಲ್ಲರಿನ ಬಲೆ ಕತ್ತರಿಸಿದರೆ ಎಂಜಿನ್ ತಿರುಗೀತು. ಅವನು ಅಂಗಿ ಬಿಚ್ಚಿದ, ಮೀನು ಕೊಯ್ಯುವ ಕತ್ತಿ ತೆಗೆದುಕೊಂಡ, ಸೊಂಟಕ್ಕೆ ಹಗ್ಗ ಕಟ್ಟಿದ.

“ಬ್ಯಾಡ ಸುಕೇಶ. ಅಲೆ ಕಾಣ್.”

“ಅರ್ಧ ಗಂಟಿ ಕೆಲ್ಸ. ನೀವ್ ನಿಮ್ಮ ಗುಂಡಿ ಒತ್ತಿಕಂತ ಇರಿ.”

ಹಗ್ಗ ಹಿಡಿಯಲು ಇಬ್ಬರನ್ನು ನಿಲ್ಲಿಸಿ ತಿಮ್ಮಪ್ಪ ವೀಲ್‌ಹೌಸಿಗೆ ಹೋದ. ಆಗ ಗಂಟೆ ಹನ್ನೆರಡು ಐವತ್ತು.

*

ಎರಡು ಗಂಟೆಗೆ ಗುಲಾಬಿ ತಮ್ಮನಿಗೆ ಬಡಿಸಿದಳು. ಅನ್ನ, ಸೌತೆಕಾಯಿ ಹುಳಿ. ಆ ದಿನ ಮನೆಯಲ್ಲಿ ಮೀನು ಬೇಯಿಸಿರಲಿಲ್ಲ. ಬೋಟಿನವರ ಮನೆಗಳಲ್ಲಿ ಕೇಳುವುದಕ್ಕೆಂದು ಒಂದು ಸೆಟ್ಟು ಇಟ್ಟಿರುತ್ತಾರೆ. ಅಡುಗೆಮನೆಯ ಗೂಡಿನಲ್ಲಿದ್ದ ಅದರ ಹಸಿರು ದೀಪ ಉರಿಯುತ್ತಿತ್ತು, ದನಿ ಇರಲಿಲ್ಲ. ಸುಕೇಶನ ಹೆಂಡತಿ ರೇವತಿ ಬಾಗಿಲಿಗೊರಗಿ ಕೂತು ಆ ದೀಪವನ್ನೇ ನೋಡುತ್ತಿದ್ದಳು.

“ಮೊದ್ಲಾದ್ರೆ ಗುರ್ ಅಂತಾದ್ರೂ ಇತ್ತಿತ್ತ್,” ಎಂದಳು ರೇವತಿ. “ಸೆಟ್ಟ್ ಸರಿ ಇತ್ತಾ ಹಾಳಾಯ್ತಾ ಅಂದ್ ತಿಳೀತಿತ್ತ್. ಈಗ ಗೋಡಿ ಕೂಡೆ ಕೂಕಂಡ ಹಾಂಗೆ.”

ಶೇಖರ ಅನ್ನ ಕಲಸುತ್ತಲೇ ಇದ್ದ. ತುತ್ತು ಬಾಯಿಗೆ ಹೋಗಲಿಲ್ಲ.

“ಉಣ್ಣ್,” ಎಂದಳು ಗುಲಾಬಿ.

“ಹಡಗು ಹುಡುಕ್ತಾ ಇತ್ತಕ್ಕ. ಸಂಜಿಯೊಳ್ಗೆ ಸಿಗ್ತ್.”

“ಎಲ್ಲಿ ಹುಡುಕ್ತಾ ಇತ್ತ್?”

“ಬಡಗ್ ಬದಿ.”

“ಅವ್ರ್ ಬಡಗು ಅಂದ್ರೆ ಬಡಗಿಗ್ ಹೋಪುದಲ್ಲ ಅಂದ್ ನಂಗೂ ಗೊತ್ತಿತ್ತ್. ಇಪ್ಪತ್ತಾರು ವರ್ಷ ಸಂಸಾರ ಮಾಡಿದ್ದೆ ಅವ್ರ್ ಸಂಗ್ತಿ. ಜಾಗ ಎಲ್ಲಿ ಅಂದ್ ನಂಗ್ ಹೇಳಲ್ಲೆ. ನಿಂಗ್ ಹೇಳಿರ್.”

ಶೇಖರ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. “ಅಲ್ಲಿ ನಾಗಪ್ಪಣ್ಣ, ಸಂಘದವ್ರ್ ಎಲ್ಲ ನಿಂತಿದ್ರ್. ಅವ್ರ ಎದ್ರಿಗ್ ಹೇಳಿದ್ರೆ ಜಾಗ ಹೋಯ್ತ್. ನಿನ್ನ ಮನಿ, ನನ್ನ ಮನಿ ಎರಡೂ ಅದ್ರ ಮೇಲೆ ನಿಂತದ್ದ್. ಬರೀ ಸೆಟ್ಟು ಕೆಟ್ಟಿಪ್ಪುದ್ ಅಂದ್ ಗ್ರಹಿಸಿದೆ. ಇಷ್ಟೊತ್ತಿಗ್ ಭಾವ ಬಂದ್ ಮುಟ್ಟುದ್ ಅಂದ್ ಗ್ರಹಿಸಿದೆ.”

ರೇವತಿ ಎದ್ದು ನಿಂತಳು. ಅವಳಿಗೆ ಎಲ್ಲವೂ ಕೇಳಿಸಿತ್ತು.

ಗುಲಾಬಿ ಅವನ ಮುಂದಿನ ತಟ್ಟೆ ಎತ್ತಿದಳು. “ಕೈ ತೊಳಿ. ಏಳ್.”

*

ಮೂರು ಗಂಟೆ ಐದು ನಿಮಿಷಕ್ಕೆ ಶೇಖರ, ಅಕ್ಕ ಮತ್ತು ರೇವತಿಯ ಜೊತೆ ಬಂದು, ಬಾನುಲಿ ಕೇಂದ್ರದಲ್ಲಿ ಎಲ್ಲರೆದುರು ಹೇಳಿದ. ತೆಂಕು ಎಂದ. ಏಳನೇ ಜಾಗ ಇರುವ ಅಕ್ಷಾಂಶ ರೇಖಾಂಶ ಹೇಳಿದ. ಗುಂಡಿಯ ವಿಷಯವನ್ನೂ ಹೇಳಿದ.

“ಎಂಟ್ ವರ್ಷ!” ಎಂದ ನಾಗಪ್ಪಣ್ಣ. “ನಮ್ಗೆ ಬಡಗು ತೋರ್ಸಿ ನೀವಿಬ್ರ್ ತೆಂಕಿಗ್ ಹೋಪುದಾ? ಡೀಸೆಲ್ ಸುಟ್ಟ್ಕಂಡ್ ನಾವ್ ಖಾಲಿ ಬಲಿ ಎಳ್ಕಂಡ್ ಬಪ್ಪುದಾ?”

“ಅದನ್ನ ಆಮೇಲೆ ಕೇಳಿ ನಾಗಪ್ಪಣ್ಣ,” ಎಂದಳು ಗುಲಾಬಿ. “ಅವ್ರ್ ಬಂದ್ಮೇಲೆ ಅವ್ರನ್ನೇ ಕೇಳಿ.”

ಸಿಂಚನಾ ತನ್ನ ಐವತ್ತೆರಡು ಸದ್ದುಗಳ ಪಟ್ಟಿ ತೆಗೆದಳು. ಮೂವತ್ತೊಂದನೆಯದು: ‘ಗದ್ದಲ ತಟ್ಟನೆ ಇಳಿದು ಏರುವುದು. ಕಾರಣ: ಬೋಟಿನ ಬ್ಯಾಟರಿ ವಯರು ಸಡಿಲ. ಹೇಳಿದವರು: ತಿಮ್ಮಪ್ಪ ಪುತ್ರನ್, ಶೇಖರ.’

“ನಾನು ಕೇಳಿದಾಗ ನೀವಿಬ್ಬರೂ ಇದ್ರಿ,” ಎಂದಳು. “ವಯರು ಸಡಿಲ ಅಂದ್ರಿ.”

“ಮತ್ತೆಂತ ಹೇಳೂಕಾತಿತ್ತ್ ಮೇಡಂ?”

ಸಿಂಚನಾ ಪಟ್ಟಿ ಬದಿಗಿಟ್ಟಳು. ರಕ್ಷಣಾ ಹಡಗಿನ ಅಧಿಕಾರಿಗೆ ಕರೆ ಮಾಡಿದಳು. ಅಧಿಕಾರಿ ಸಮಾಧಾನದಿಂದ ಕೇಳಿಸಿಕೊಂಡು ಹೇಳಿದ: ತಾಂಡೇಲನದೇ ದನಿಯಲ್ಲಿ ಉತ್ತರ ಎಂಬ ದಾಖಲೆ ಇದೆ. ಹಡಗು ಈಗ ಅಲ್ಲೇ ಇದೆ. ದಡದಲ್ಲಿರುವ ಒಬ್ಬನ ಮಾತಿನ ಮೇಲೆ ಅದನ್ನು ತೆಂಕಿಗೆ ತಿರುಗಿಸಿ, ಬೋಟು ಉತ್ತರದಲ್ಲೇ ಇದ್ದರೆ? ಬೇರೆ ಆಧಾರ ಕೊಡಿ.

ಕೇಂದ್ರದ ರಿಸೀವರಿನಲ್ಲಿ ಶೋಧಕ ಒಂದು ಪ್ರತ್ಯೇಕ ಕಾರ್ಡು. ಅದನ್ನು ಕೀಳಲು ಮೇಲಿನವರ ಲಿಖಿತ ಅನುಮತಿ ಬೇಕು. ಆ ಹೊತ್ತಿಗೆ ಬಿರುಗಾಳಿಗೆ ಹೆದರಿ ಅರವತ್ತು ಬೋಟುಗಳು ಬಂದರಿಗೆ ಮರಳುತ್ತಿದ್ದವು. ಅವುಗಳಲ್ಲಿ ಯಾವುದರ ಕರೆಯಾದರೂ ಗದ್ದಲದಲ್ಲಿ ಮುಳುಗಿದರೆ ಹೊಣೆ ಸಿಂಚನಾಳದು. ಅವಳು ದಿನಚರಿಯಲ್ಲಿ ಸಮಯ ಬರೆದಳು: ೩.೨೦. ಮೈಕಿನಲ್ಲಿ, “ಎಲ್ಲ ಬೋಟುಗಳೂ ಕೇಳಿ. ಜಟ್ಟಿಗ ಪ್ರಸಾದ ಬಿಟ್ಟು ಬೇರೆ ಯಾರೂ ಇನ್ನು ಅರ್ಧ ಗಂಟೆ ಗುಂಡಿ ಮುಟ್ಟಬೇಡಿ,” ಎಂದಳು. ಕಾರ್ಡು ಕಿತ್ತಳು.

ಎರಡು ವರ್ಷದ ಮೇಲೆ ಗದ್ದಲ ಕೋಣೆಯೊಳಕ್ಕೆ ಬಂತು. ಗುರ್ರೆನ್ನುವ ಸದ್ದು, ಅದರ ಮೇಲೆ ಸಿಳ್ಳೆ, ಸಿಳ್ಳೆಯ ನಡುವೆ ಯಾವುದೋ ಭಾಷೆಯಲ್ಲಿ ಒಬ್ಬ ಗಂಡಸಿನ ನಗು. ನಾಗಪ್ಪಣ್ಣ ಕಿವಿ ಮುಚ್ಚಿಕೊಂಡ. ಸಿಂಚನಾಳಿಗೆ ಅದರಲ್ಲಿ ಏನೂ ತಿಳಿಯಲಿಲ್ಲ.

ಶೇಖರ ಧ್ವನಿವರ್ಧಕದ ಹತ್ತಿರ ಬಂದು ಕಣ್ಣು ಮುಚ್ಚಿದ. ಐದು ನಿಮಿಷವಾಯಿತು. ಎಂಟು ನಿಮಿಷವಾಯಿತು.

“ಹಾಂ,” ಎಂದ.

“ಎಲ್ಲಿ?”

“ಸುಮ್ನಿರಿ.” ಅವನು ಬೆರಳು ಎತ್ತಿದ. ಗದ್ದಲ ಕುಸಿಯಿತು, ಎದ್ದಿತು. ಕುಸಿಯಿತು, ಎದ್ದಿತು. ಆಮೇಲೆ ಮೂರು ಸೆಕೆಂಡು, ಯಾರೋ ಬಾಗಿಲು ಹಾಕಿದಂತೆ, ತಗ್ಗಿಯೇ ಇತ್ತು. ಈಗ ಸಿಂಚನಾಳಿಗೂ ಕೇಳಿಸಿತು. ಆಮೇಲಿನ ಬಿಡುವುಗಳನ್ನು ಕೋಣೆಯಲ್ಲಿದ್ದವರೆಲ್ಲ ತುಟಿಯಲ್ಲಿ ಎಣಿಸಿದರು. ಏಳು.

ಸಿಂಚನಾ ಮೈಕು ಹಿಡಿದಳು. “ಜಟ್ಟಿಗ ಪ್ರಸಾದ, ನೀವು ಒತ್ತುವುದು ಕೇಳಿಸ್ತಾ ಇದೆ. ನನ್ನ ಮಾತು ಕೇಳಿಸಿದರೆ ಒಂದು ಸಲ ಒತ್ತಿ.”

ಒಂದು ಬಿಡುವು.

“ಈಗ ಒಂದು ನಿಮಿಷ ಒತ್ತಿ ಹಿಡೀರಿ. ಬಿಡಬೇಡಿ.”

ಗದ್ದಲ ಇಳಿಯಿತು. ಅವಳು ಮಾಡಿನ ಮೇಲಿನ ಆಂಟೆನಾವನ್ನು ನಿಧಾನವಾಗಿ ತಿರುಗಿಸಿದಳು. ಉತ್ತರಕ್ಕೆ ತಿರುಗಿದಾಗ ಗದ್ದಲ ಏರಿತು. ಪಶ್ಚಿಮ ದಾಟಿ ತೆಂಕಿನತ್ತ ಬಂದಂತೆ ಇಳಿಯಿತು. ಅತಿ ಕಡಿಮೆಯಾದದ್ದು ಇನ್ನೂರ ಮೂವತ್ತೆರಡು ಡಿಗ್ರಿಯಲ್ಲಿ. ನಕ್ಷೆಯ ಮೇಲೆ ಗೆರೆ ಎಳೆದಳು. ಅದು ಶೇಖರ ಹೇಳಿದ ಜಾಗದ ಪಕ್ಕದಲ್ಲೇ, ಎರಡು ಮೈಲಿಯೊಳಗೆ ಹಾದುಹೋಯಿತು. ಮೂರು ಐವತ್ತಕ್ಕೆ ಹಡಗು ತಿರುಗಿತು.

“ಜಟ್ಟಿಗ ಪ್ರಸಾದ, ಹಡಗು ನಿಮ್ಮ ಕಡೆ ಹೊರಟಿದೆ. ಏಳು ಗಂಟೆಯೊಳಗೆ ಬರುತ್ತೆ. ಎಷ್ಟು ಜನ ಇದ್ದೀರಿ? ಅಷ್ಟು ಸಲ ಒತ್ತಿ.”

ಒಂದು. ಎರಡು. ಮೂರು. ನಾಲ್ಕು. ಐದು. ಆರು.

ಎಲ್ಲರೂ ಕಾದರು. ಗದ್ದಲ ಹಾಗೇ ಇತ್ತು.

“ಇನ್ನೊಂದು ಸಲ ಹೇಳಿ,” ಎಂದಳು ಸಿಂಚನಾ. ಮತ್ತೆ ಆರು ಬಂತು.

ಬಿಡುವಿನಲ್ಲಿ ದನಿ ಇಲ್ಲ. ಒತ್ತುತ್ತಿರುವ ಕೈ ಯಾರದು ಎಂದು ಅದು ಹೇಳುವುದಿಲ್ಲ. ಗುಲಾಬಿಗೆ ಅದು ತಿಳಿಯಿತು. ಶೇಖರನ ತೋಳು ಹಿಡಿದುಕೊಂಡಳು. “ಒತ್ತುದ್ ಭಾವನೇಯಾ?”

“ಗೊತ್ತಾತಿಲ್ಲೆ ಅಕ್ಕ. ಈ ಲೆಕ್ಕ ಬೋಟಲ್ಲಿದ್ದವ್ರಿಗ್ ಎಲ್ಲ ಗೊತ್ತಿತ್ತ್.”

“ಹೆಸರು ಹಿಡಿದು ಕೇಳಬಹುದು,” ಎಂದಳು ಸಿಂಚನಾ. “ಇದ್ದರೆ ಒತ್ತಿ ಅಂತ. ಒಬ್ಬೊಬ್ಬರದೇ.” ಮೈಕು ಗುಲಾಬಿಯ ಮುಂದೆ ಇಟ್ಟಳು.

ಗುಲಾಬಿ ಮೈಕನ್ನು ನೋಡಿದಳು, ರೇವತಿಯನ್ನು ನೋಡಿದಳು. ಹೊರಗೆ ಜಗಲಿಯಲ್ಲಿ ಉಳಿದ ಐದು ಮನೆಗಳವರು ಕೂತಿದ್ದರು.

“ಬ್ಯಾಡ,” ಎಂದಳು ರೇವತಿ. “ಕೇಂಬುದ್ ಬ್ಯಾಡ. ಅವ್ರ್ ಒತ್ತಿ ಒತ್ತಿ ಬ್ಯಾಟ್ರಿ ಮುಗ್ದ್ರೆ ಆರು ಜನ್ವೂ ಸಿಕ್ಕುದಿಲ್ಲೆ. ಹಡಗು ಬರ್ಲಿ.”

ಹಾಗೆ ಅವರು ಮೂರು ಗಂಟೆ ಕಾಲ ಕೋಣೆಯಲ್ಲಿ ಕೂತರು. ಹತ್ತು ನಿಮಿಷಕ್ಕೊಮ್ಮೆ ಗದ್ದಲ ಒಂದು ಸಲ ಇಳಿದು ಏಳುತ್ತಿತ್ತು. ಅರ್ಧ ಗಂಟೆ ಕಳೆದ ಮೇಲೂ ಸಿಂಚನಾ ಕಾರ್ಡು ಸಿಕ್ಕಿಸಲಿಲ್ಲ. ಶೇಖರ ಗೋಡೆಗೆ ಮುಖ ಮಾಡಿ ನಿಂತಿದ್ದ; ಯಾರೂ ಅವನನ್ನು ಮಾತಾಡಿಸಲಿಲ್ಲ.

ಆರು ಐವತ್ತೆರಡಕ್ಕೆ ಹಡಗು ಬೋಟನ್ನು ಕಂಡಿತು. ಅದರ ಕರೆ ಬರುವ ಮೊದಲು ಸಿಂಚನಾ ಕಾರ್ಡನ್ನು ಮತ್ತೆ ಸಿಕ್ಕಿಸಿದಳು. ಅಧಿಕಾರಿ ಆರು ಹೆಸರುಗಳನ್ನು ಓದಿದ. ಮಧ್ಯೆ ಯಾವ ಸದ್ದೂ ಇರಲಿಲ್ಲ. ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳಿಸಿತು. ನಾಲ್ಕನೆಯ ಹೆಸರು ತಿಮ್ಮಪ್ಪನದು. ಆರನೆಯದು ಮುಗಿದ ಮೇಲೂ ರೇವತಿ ಧ್ವನಿವರ್ಧಕದ ಕಡೆ ನೋಡುತ್ತಿದ್ದಳು.

ವಿಚಾರಣೆಯಲ್ಲಿ ತಿಮ್ಮಪ್ಪ ಎಲ್ಲವನ್ನೂ ಗಂಟೆ ಸಮೇತ ಹೇಳಿದ. ಹಡಗು ಉತ್ತರಕ್ಕೆ ಹೋಯಿತೆಂದು ಕೇಳಿದ ಮೇಲೆಯೇ ಸುಕೇಶ ನೀರಿಗಿಳಿದ. ಎರಡು ಸಲ ಮೇಲೆ ಬಂದ. ಮೂರನೆಯ ಸಲ, ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ, ಹಗ್ಗ ಬಲೆಯಲ್ಲಿ ಸಿಕ್ಕಿಕೊಂಡಿತು. ವಯರು ಸಡಿಲ ಎಂದು ಎಂಜಿನಿಯರಿಗೆ ಹೇಳಿದವನು ತಾನೇ ಎಂಬುದನ್ನೂ ಅವನು ಬರೆಸಿದ.

ಜುಲೈನಲ್ಲಿ ತಿಳಿಸೆಟ್ಟುಗಳಿಗೆ ಸ್ವಿಚ್ಚು ಹಾಕಿಸಿದರು. ಮಳೆಗಾಲದ ನಿಷೇಧ ಮುಗಿದು ಆಗಸ್ಟ್ ಒಂದರಂದು ಮೀನುಗಾರಿಕೆ ಮತ್ತೆ ತೆರೆದಾಗ ಶೇಖರನ ಬೋಟು ನೀರಿಗಿಳಿಯಲಿಲ್ಲ. ಆ ದಿನ ಏಳನೇ ಜಾಗಕ್ಕೆ ನಲವತ್ತೊಂದು ಬೋಟುಗಳು ಹೋದವು.